ಒಂದು ಗೇಣು, ನಾಲ್ಕು ಬೆರಳು

ಮೂವತ್ತೊಂದು ವರ್ಷ ಸರಪಳಿ ಎಳೆದವನು ನಾನು,
ಶಿಕಾರಿಪುರ, ಸೊರಬ, ಒಮ್ಮೆ ಶಿಕ್ಷೆಗೆಂದು ಹೊಸನಗರ.
ದೇವರಿಗೆ ಕೈಮುಗಿಯುವ ಮೊದಲು
ಗುಡಿಯ ಕಟ್ಟೆ ಎಷ್ಟುದ್ದವೆಂದು ನೋಡುವ ಕಣ್ಣು ಇದು.
ಹಾಗಾಗಿ ಕುಸುಗೂರಿನ ಬಾಗಿಲಿಲ್ಲದ ಗುಡಿಯಲ್ಲಿ
ಕಲ್ಲುಹೂವು ಕೆರೆದಾಗ ಆ ಗೆರೆ ಸಿಕ್ಕಿತು.
ತುದಿಗೊಂದು ಕಚ್ಚು. ಪಕ್ಕದಲ್ಲಿ ಸವೆದ ಐದಾರು ಅಕ್ಷರ:
ಪ್ರಭುವಿನ ಗಳೆ.

ಟೇಪು ಹಿಡಿದೆ, ಬರೆದುಕೊಂಡೆ, ಮಂಡಿ ಊರಿ ಏಳುವಾಗ
ಕೈಗೆ ತಾಗಿತು ಮೂರನೆಯ ಕಚ್ಚು.
ತುಸು ಆಚೆಗೆ, ಮೊದಲಿನದು, ಉಳಿಯಿಂದ ಒರೆಸಿದ್ದು.
ಬೆರಳಿಗೆ ಸಿಗುತ್ತದೆ, ಕಣ್ಣಿಗೆ ಸಿಗುವುದಿಲ್ಲ.
ನಡುವಿನ ಅಂತರ ಒಂದು ಗೇಣು, ನಾಲ್ಕು ಬೆರಳು.

ಅಷ್ಟೇ ಸಾಕು.
ಕುದುರೆ ಬೇಡ, ಕಣಕ್ಕೆ ಬೆಂಕಿ ಬೇಡ.
ಹೊಸ ಒಡೆಯ ಬಂದ, ಹಳೆಯ ಕೋಲು ಮುರಿದ,
ಹದಿನೆಂಟು ಗೇಣಿನ ಗಳೆಯನ್ನು ಇಷ್ಟಕ್ಕೆ ಇಳಿಸಿದ.
ಉದ್ದದಲ್ಲಿ ಕದ್ದದ್ದು ಅಗಲದಲ್ಲೂ ಕದಿಯುತ್ತದೆ,
ಆ ಲೆಕ್ಕ ನನಗೆ ಗೊತ್ತು:
ಮಲಗುವಾಗ ಹನ್ನೆರಡು ಮತ್ತರು,
ಏಳುವಾಗ ಹದಿನಾಲ್ಕು.
ಗದ್ದೆ ಬೆಳೆದಿತ್ತು. ಭತ್ತ ಬೆಳೆದಿರಲಿಲ್ಲ.
ಬದುವಿನ ಏಡಿ ಬಿಲ ಬಿಟ್ಟು ಕದಲಿರಲಿಲ್ಲ.
ಸೇನಬೋವನ ಓಲೆಯಲ್ಲಿ ಮಾತ್ರ
ಎರಡು ಮತ್ತರಿನ ತೆರಿಗೆ ರಾತ್ರೋರಾತ್ರಿ ಹುಟ್ಟಿ
ತೊಟ್ಟಿಲು ಕೇಳುತ್ತಿತ್ತು.

ಇನ್ನು ಮುಂದಿನದು ನನ್ನ ಊಹೆ,
ಇಲಾಖೆ ಇದಕ್ಕೆ ಸಹಿ ಹಾಕುವುದಿಲ್ಲ.

ಕಚ್ಚು ಕೊರೆದವನು ಮಾಚೋಜ, ಕೂಲಿ ಒಂದು ಹಾಗ.
ಎದುರು ಬಂದು ನಿಂತವಳು ಸಾವಿಯಕ್ಕ,
ಹಳೆಯ ಒಡೆಯನ ದನ ಬಿಡಿಸಲು ಹೋಗಿ ಬಿದ್ದ ಕೇತನ ಹೆಂಡತಿ.
ಕೇತನ ಕಲ್ಲನ್ನೂ ಇದೇ ಕೈ ಕೆತ್ತಿತ್ತು:
ಕೆಳಗೆ ದನ, ನಡುವೆ ಅಪ್ಸರೆಯರು, ಮೇಲೆ ಕೈಲಾಸ.
"ಮೇಲೆ ಅವನಿಗೊಂದು ಜಾಗ ಕೊಟ್ಟೆಯಲ್ಲ,
ಅದನ್ನು ಯಾವ ಗಳೆಯಲ್ಲಿ ಅಳೆದೆ?"
ಮಾಚೋಜ ಉಳಿಯ ಮೊನೆ ನೋಡಿಕೊಂಡ.
ಹಳೆಯ ಕಚ್ಚನ್ನು ಕೂಲಿಗೆ ತಕ್ಕಷ್ಟೇ ಕೆರೆದ.

ಮಾರನೆಯ ದಿನ ಅರುವತ್ತೊಕ್ಕಲೂ ಕೆರೆಯ ಏರಿಯ ಮೇಲೆ ಕೂತರು.
ಕೂತರು ಎಂದೆ. ಗಾವುಂಡ ಬಂದಾಗಲೂ
ಏಳಲಿಲ್ಲ ಎಂದು ಅರ್ಥ.
ಬಿಟ್ಟಿಗೆ ಹೋಗುವ ಕೆಳಕೇರಿಯವರೂ ಏಳಲಿಲ್ಲ,
ಅದಕ್ಕೆ ಮೇಲುಕೇರಿಯವರಿಗೇ ಬೆವರು.
ಸಾವಿಯಕ್ಕ ಸೊಂಟದ ಹಗ್ಗ ಬಿಚ್ಚಿ ಚಾಚಿದಳು,
ಕೇತ ಹಿಂದಿನ ಗಳೆಗೆ ಹಿಡಿದು ಗಂಟು ಹಾಕಿದ್ದು,
ಎಮ್ಮೆಯ ವಾಸನೆ ಇನ್ನೂ ಇತ್ತು.
ಗಾವುಂಡ ನಕ್ಕ: "ಹಗ್ಗದ ಮಾತು ನಂಬುವುದುಂಟೆ?
ನೆನೆದರೆ ಕುಗ್ಗುತ್ತದೆ."
"ಕುಗ್ಗುತ್ತದೆ ಒಡೆಯಾ. ಹಗ್ಗ ಕುಗ್ಗುವುದು ಗೊತ್ತಿತ್ತು.
ಕಲ್ಲು ಕುಗ್ಗಿದ್ದನ್ನು ಇವತ್ತೇ ನೋಡಿದೆವು."

ಗೆದ್ದರೆ? ಕಲ್ಲಿನಲ್ಲಿ ಹಾಗೆ ಇಲ್ಲ.
ಅಂಗಳದ ತುಂಡು ಶಾಸನದಲ್ಲಿ ಓದಿಸಿಕೊಳ್ಳುವುದು ಇಷ್ಟು:
ಪ್ರಭು ಕರುಣೆಯಿಂದ ಮದುವೆದೆರೆ ಬಿಟ್ಟ.
ಕೇಳಿದ್ದು ಗಳೆ, ಸಿಕ್ಕಿದ್ದು ಮದುವೆದೆರೆ,
ಅದಕ್ಕೂ ದಾನವೆಂದು ಹೆಸರು,
ಅಳಿದವನಿಗೆ ಕವಿಲೆಯ ಕೊಂದ ಪಾಪ.
ಹಗ್ಗದ ಮಾತಿಲ್ಲ. ಸಾವಿಯಕ್ಕನ ಮಾತಂತೂ ಇಲ್ಲ.
ಆದರೂ ಆ ವರ್ಷ ಕುಸುಗೂರಿನಲ್ಲಿ
ತೆರೆಗೆ ಹೆದರಿ ನಿಂತಿದ್ದ ಎಷ್ಟು ಹುಡುಗಿಯರ ಮದುವೆಯಾಯಿತೋ,
ಅವರಲ್ಲಿ ಯಾರ ಮೊಮ್ಮಗ ಗಾವುಂಡನೆದುರು ಕೂತು ಮಾತಾಡಿದನೋ.

ನನ್ನ ಅಜ್ಜ ಕಾಗೋಡಿನಲ್ಲಿ ಕೊಳಗದ ಗಾತ್ರ ಕೇಳಿ ಜೈಲು ಕಂಡವನು.
ನಾನು ಅವನ ಮೊಮ್ಮಗ; ಒಮ್ಮೆ, ದೊಡ್ಡ ಮನೆಯೊಂದರಲ್ಲಿ
ಹೋಳಿಗೆ ಉಂಡು ಎದ್ದು, ಸರಪಳಿ ಸಡಿಲ ಹಿಡಿದೆ.
ಒಂದೇ ಕೊಂಡಿ. ಯಾರ ಬದು ಎಂದು ಹೇಳಲಾರೆ.

ಹೊರಡುವ ಮೊದಲು ಟೇಪು ಸುತ್ತಿ ಜೇಬಿಗಿಟ್ಟು
ಎರಡು ಕಚ್ಚಿನ ನಡುವೆ ಅಂಗೈ ಚಾಚಿದೆ.
ನನ್ನ ಗೇಣು ಸರಿಯಾಗಿ ಕೂತಿತು.
ಉಳಿದ ನಾಲ್ಕು ಬೆರಳಿಗೆ
ಇನ್ನೊಂದು ಕೈ ಬೇಕಾಯಿತು.